ಹಿಕ್ಕೆಯ ಮೇಲಿನ ಹನಿಗೆ ಕಾಲು ಬಂದದ್ದು

ತಿರುಗ ಮೊದಲ ಸಲ ಮನೆ ಬಿಟ್ಟದ್ದು ಒಂದು ಮಂಗಳವಾರ. ಲೋಕ ಆಗಿನ್ನೂ ಹೊಸದು, ಅದರ ಹಸಿ ಕೂಡ ಆರಿರಲಿಲ್ಲ, ವಾರಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆದರೂ ಹೊರಡಬಾರದ ದಿನವೇ ಹೊರಟನಲ್ಲ, ಅದು ಮಂಗಳವಾರವೇ ಇರಬೇಕು.

ಈ ತಿರುಗ ಎಷ್ಟು ಸಣ್ಣವನೆಂದರೆ ಸಾಸಿವೆ ಕಾಳು ಅವನಿಗೆ ಬೆಟ್ಟ. ಕೈಯಿಲ್ಲ, ಕಾಲಿಲ್ಲ. ಎತ್ತ ಹೋಗಬೇಕು ಅನ್ನಿಸಿತೋ ಅತ್ತ ಮೈಯನ್ನೇ ಚಾಚಿ ಹರಿಯುತ್ತಿದ್ದ. ಬೋರೆ ಗಿಡದ ಬುಡದಲ್ಲಿ ಮಳೆಗೆ ನೆನೆದು ಬಿದ್ದಿದ್ದ ಒಂದು ಆಡಿನ ಹಿಕ್ಕೆಯೇ ಅವನ ಊರು. ಅಲ್ಲಿ ಅವನಂಥವರು ಲೆಕ್ಕವಿಲ್ಲದಷ್ಟು ಮಂದಿ. ತಮಗಿಂತ ಸಣ್ಣ ಜೀವಾಣುಗಳನ್ನು ನುಂಗುವುದು, ಹೊಟ್ಟೆ ತುಂಬಿದರೆ ಒಬ್ಬರು ಇಬ್ಬರಾಗುವುದು. ಅಷ್ಟೇ ಅವರ ಸಂಸಾರ.

ತಿರುಗನಿಗೆ ಒಬ್ಬ ಅಕ್ಕ, ಮೆತ್ತಕ್ಕ. ಒಂದೇ ಮೈ ಎರಡಾಗಿ ಹುಟ್ಟಿದವರು. ಅವಳ ಅರ್ಧ ಒಂದು ಚೂರು ಮೊದಲು ಕದಲಿತು, ಅದಕ್ಕೇ ಅವಳು ಅಕ್ಕ.

ಊರಿನ ಹಿರಿಯಜ್ಜಿ ಮರಿಗಳಿಗೆಲ್ಲ ಪಾಠ ಹೇಳುತ್ತಿದ್ದಳು. ನುಂಗುವುದು ಹೇಗೆ ಎಂಬುದು ಮೊದಲನೆಯದು. ಇಬ್ಬರಾಗುವುದು ಹೇಗೆ ಎಂಬುದು ಎರಡನೆಯದು. ಮೂರನೆಯದಕ್ಕೆ ಬಂದು, "ಇನ್ನು, ಹಸಿವಾದಾಗ..." ಅನ್ನುವಷ್ಟರಲ್ಲಿ ತಿರುಗ ಎದ್ದೇಬಿಟ್ಟ.

"ಹಸಿವಾದರೆ ನನಗೇ ಗೊತ್ತಾಗುತ್ತೆ ಬಿಡಜ್ಜಿ. ನಾನು ಊರು ನೋಡಬೇಕು."

"ಕೂತ್ಕೊಳೋ, ಇನ್ನೊಂದೇ ಪಾಠ!" ಅಂದಳು ಮೆತ್ತಕ್ಕ.

"ನೀನು ಕಲಿತಿಟ್ಟಿರು. ಬಂದಮೇಲೆ ಕೇಳ್ತೀನಿ."

ಹರಿದ, ಹರಿದ, ಹರಿಯುತ್ತಲೇ ಹೋದ. ಗುಡ್ಡ ಹತ್ತಿದ, ಕಣಿವೆ ಇಳಿದ, ಸಿಕ್ಕಿದ್ದು ನುಂಗಿದ. ಆಮೇಲೆ ಮಳೆ ನಿಂತಿತು. ಬಿಸಿಲು ಬಂತು. ನುಂಗಲಿಕ್ಕೆ ಒಂದು ಜೀವಾಣುವೂ ಇಲ್ಲದಂತಾಯಿತು. ತಿರುಗನ ಮೈ ಸೊರಗಿತು. ತಡೆಯಲಾರದೆ ಅವನು ಕೂಗಿದ: "ಹಸಿವೂ!"

ಆ ಜನರ ಕೂಗು ಸದ್ದಲ್ಲ, ವಾಸನೆ. ವಾಸನೆ ಹರಡಿತು. ಎಲ್ಲಿಂದಲೋ ಮತ್ತೊಂದು ಕೂಗು ಬಂತು: ಹಸಿವು. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು. ನೋಡನೋಡುತ್ತಲೇ ನಾಲ್ಕೂ ಕಡೆಯಿಂದ ಜನ ಹೊಳೆ ಹೊಳೆಯಾಗಿ ಹರಿದು ಬಂದರು. ಒಬ್ಬರಿಗೂ ನಿಲ್ಲಲಾಗುತ್ತಿರಲಿಲ್ಲ. ತಿರುಗ ದಂಗಾಗಿಹೋದ. ಇಷ್ಟೊಂದು ಜನವೇ! ಎಲ್ಲರೂ ನನ್ನ ಮೇಲೇ ಬೀಳುತ್ತಿದ್ದಾರಲ್ಲ!

ಆ ಹೊಳೆಯಲ್ಲಿ ಮೆತ್ತಕ್ಕನೂ ಇದ್ದಳು.

"ಏನೋ ಮಾಡಿದೆ?"

"ಏನಿಲ್ಲಕ್ಕ. ಹಸಿವು ಅಂದೆ, ಅಷ್ಟೇ."

"ಅದನ್ನೇ ಅನ್ನಬಾರದಿತ್ತು ಕಣೋ! ಅಜ್ಜಿಯ ಮೂರನೇ ಪಾಠ ಅದೇ. ಹಸಿದಾಗ ಸುಮ್ಮನಿರಬೇಕು. ಒಬ್ಬರು ಕೂಗಿದರೆ ಕೇಳಿದವರೆಲ್ಲ ಕೂಗಲೇಬೇಕು, ಬರಲೇಬೇಕು. ನಮ್ಮ ಮೈ ಇರೋದೇ ಹಾಗೆ. ಈಗ ನೋಡು, ತಿನ್ನೋಕೆ ಏನೂ ಇಲ್ಲದ ಕಡೆ ಊರಿಗೆ ಊರೇ ಬಂದು ಕೂತಿದೆ."

ಬಿಸಿಲು ಏರುತ್ತಿತ್ತು. ಹೊತ್ತು ಇಳಿಯುವುದರೊಳಗೆ ಎಲ್ಲರೂ ಒಣಗಿ ಹೊಟ್ಟಾಗುವವರೇ.

ಅಷ್ಟರಲ್ಲಿ ಅತ್ತ ಕಡೆ ಒಂದು ಇರುವೆ ಬಂತು. "ಏನ್ರಪ್ಪಾ, ಜಾತ್ರೆಯಾ?"

"ನಮ್ಮನ್ನು ಹಸಿ ಇರುವ ಕಡೆ ಒಯ್ಯಮ್ಮಾ!" ಎಂದರು ಎಲ್ಲರೂ.

"ನೆಲಕ್ಕೆ ಅಂಟಿಕೊಂಡವರನ್ನು ಹೇಗೆ ಒಯ್ಯಲಿ? ನನ್ನ ಹೊಟ್ಟೆಗೆ ತಾಗುವಷ್ಟು ಎತ್ತರ ಬನ್ನಿ, ಅಂಟಿಸಿಕೊಂಡು ಹೋಗ್ತೀನಿ."

ಒಬ್ಬರ ಮೇಲೊಬ್ಬರು ಹತ್ತಿದರು. ಗುಡ್ಡೆ ಎದ್ದಿತು, ಕುಸಿಯಿತು. ಮತ್ತೆ ಹತ್ತಿದರು, ಮತ್ತೆ ಕುಸಿಯಿತು. ಎಲ್ಲರಿಗೂ ಮೇಲೇ ಬೇಕು. ನುಣುಚ ಎಂಬುವನೊಬ್ಬನಂತೂ ಯಾರು ಎಲ್ಲಿಂದ ತಳ್ಳಿದರೂ ತುದಿಗೇ ಬಂದಿರುತ್ತಿದ್ದ. "ಕೆಳಗೆ ನಿಲ್ಲೋದಕ್ಕೆ ನಾನೇನು ಕಂಬವಾ?" ಅನ್ನುತ್ತಿದ್ದ. ಹೇಳಬೇಕೆಂದರೆ, ನುಣುಚನ ಪಕ್ಕದಲ್ಲೇ ತಿರುಗನೂ ಇದ್ದ.

"ನಿಮ್ಮ ಜಗಳ ಮುಗಿಯೋದರೊಳಗೆ ನನ್ನ ಹೊತ್ತು ಮುಳುಗುತ್ತೆ," ಎಂದು ಇರುವೆ ಬೆನ್ನು ತಿರುಗಿಸಿತು.

ಆಗ ಗುಡ್ಡೆ ಮತ್ತೊಮ್ಮೆ ಎದ್ದಿತು. ಈ ಸಲ ಕುಸಿಯಲಿಲ್ಲ.

ಏನಾಯಿತೆಂದು ತಿರುಗ ಬಗ್ಗಿ ಕೆಳಗೆ ಮುಟ್ಟಿದ. ಗಟ್ಟಿ! ಅವರ ಕುಲದಲ್ಲಿ ಗಟ್ಟಿ ಮೈಯನ್ನೇ ಯಾರೂ ಮುಟ್ಟಿದವರಲ್ಲ. ಅದು ಮೆತ್ತಕ್ಕನ ಮೈ.

"ಅಕ್ಕಾ! ಇದೇನು ಹೀಗೆ?"

"ಮೆತ್ತಗಿದ್ದರೆ ನಿಲ್ಲೋದಿಲ್ಲ ಕಣೋ."

"ಆಮೇಲೆ ಮತ್ತೆ ಮೆತ್ತಗಾಗ್ತೀಯ ತಾನೇ?"

"ನೀನು ಹತ್ತು," ಅಂದಳು.

"ಕೂಗಿದವನು ನಾನು. ನೀನ್ಯಾಕೆ? ಎದ್ದೇಳಕ್ಕ, ನಾನು ನಿಲ್ತೀನಿ!"

"ನಿನ್ನ ಮೈ ಬೇರೆ, ನನ್ನ ಮೈ ಬೇರೆಯೇನೋ? ಒಂದೇ ಅಲ್ಲವಾ ಎರಡಾದದ್ದು? ಅರ್ಧ ಹೋದರೂ ಆಯ್ತು, ಅರ್ಧ ಉಳಿದರೆ."

ಅವನು ಇಳಿಯಲು ಹೋದ. ಆಗಲೇ ತಡವಾಗಿತ್ತು. ಮೆತ್ತಕ್ಕನ ಮೇಲೆ ಇನ್ನೊಬ್ಬಳು ನಿಂತು ಗಟ್ಟಿಯಾದಳು, ಅವಳ ಮೇಲೆ ಹಿರಿಯಜ್ಜಿ, ಅಜ್ಜಿಯ ಮೇಲೆ ಮತ್ತೊಬ್ಬ. ಯಾರೂ ಯಾರಿಗೂ ನಿಲ್ಲು ಅಂದಿರಲಿಲ್ಲ. ಕೂದಲಿನಷ್ಟು ತೆಳ್ಳನೆಯ ಕಂಬವೊಂದು ಸರಸರ ಏಳುತ್ತಿತ್ತು, ಉಳಿದವರೆಲ್ಲ ಅದರ ತುದಿಯಲ್ಲಿ ಹನಿಯಾಗಿ ತೇಲುತ್ತಿದ್ದರು.

"ಅಕ್ಕಾ!" ಎಂದು ತಿರುಗ ಕೂಗಿದ. ಕೆಳಗಿನಿಂದ ವಾಸನೆ ಬರಲಿಲ್ಲ.

"ತಮಾಷೆ ಮಾಡ್ತಿದ್ದಾರೆ, ಅಲ್ವಾ?" ಅಂದ ನುಣುಚ. ಆಮೇಲೆ ಅವನೂ ಬಗ್ಗಿ ಕೆಳಗೆ ಮುಟ್ಟಿ ನೋಡಿದ.

ತುದಿಯಲ್ಲಿದ್ದ ತಿರುಗ ಮೊದಲ ಸಲ ಎತ್ತರದಿಂದ ನೋಡಿದ. ತಾನು ಹತ್ತಿದ ಗುಡ್ಡ, ಇಳಿದ ಕಣಿವೆ, ಸುತ್ತಿದ ದೇಶವೆಲ್ಲ ಅದೊಂದೇ ಹಿಕ್ಕೆ. ಅಕ್ಕನಿಂದ ಅವನು ಎಂದೂ ಒಂದು ಹಿಕ್ಕೆಗಿಂತ ಆಚೆ ಹೋಗಿರಲೇ ಇಲ್ಲ.

ಇರುವೆ ಹಿಂದಿರುಗಿ ನೋಡಿ ದಂಗಾಗಿ ನಿಂತಿತು. "ಅಯ್ಯೋ, ಇದಕ್ಕೆ ಕಾಲು ಬಂತಲ್ಲ! ಸರಿ, ಹೊರಡೋಣವಾ?"

"ತಡಿಯಮ್ಮಾ," ಎಂದ ತಿರುಗ. ಹಿಂದೆ ಹೊರಟಾಗ ಪಾಠ ಮುಗಿಯುವವರೆಗೂ ಕಾದವನಲ್ಲ. ಈಗ ಚಾಚಿದ ಮೈಯನ್ನೆಲ್ಲ ಒಳಗೆಳೆದುಕೊಂಡ, ಸುತ್ತ ಗಟ್ಟಿ ಸಿಪ್ಪೆ ಸುತ್ತಿಕೊಂಡ, ಅದರೊಳಗೆ ಮೂರು ಪಾಠಗಳನ್ನೂ ಇಟ್ಟುಕೊಂಡ. ಮೂರನೆಯದನ್ನು ಅಕ್ಕ ತಾನೇ ನಿಂತು ತಿದ್ದಿದ್ದಳು: ಹಸಿವಾದಾಗ ಕೂಗು, ಆದರೆ ಬಂದವರಲ್ಲಿ ಕೆಲವರು ನಿಲ್ಲಬೇಕು. ಪಕ್ಕದಲ್ಲಿ ನುಣುಚನೂ ಸದ್ದಿಲ್ಲದೆ ಗಂಟು ಕಟ್ಟುತ್ತಿದ್ದ.

ಅದಕ್ಕೇ ಮಗೂ, ಮಳೆ ಬಿಟ್ಟ ಮೇಲೆ ಹಳೆಯ ಹಿಕ್ಕೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಉಸಿರು ಬಿಗಿಹಿಡಿದು ನೋಡಿದರೆ, ಕೂದಲಿನಂಥ ಕಾಲಿನ ಮೇಲೆ ಒಂದು ಪುಟ್ಟ ಹನಿ ಇಂದಿಗೂ ಕಾಣುತ್ತದೆ: ಹನಿಯೊಳಗೆ ತಿರುಗ ಹೊರಡಲು ಗಂಟು ಕಟ್ಟುತ್ತಿರುತ್ತಾನೆ, ಕೆಳಗೆ ಮೆತ್ತಕ್ಕ ನಿಂತೇ ಇರುತ್ತಾಳೆ.