ಲಕ್ಷ್ಮೀ ಪಟದ ಹಿಂದಿನ ಗೂಡು

ಶುಕ್ರವಾರ ಬಂತೆಂದರೆ ಸುಭದ್ರಮ್ಮನ ದೇವರ ಮನೆ ಥಳಥಳ ಹೊಳೆಯಲೇಬೇಕು. ಪಟಗಳನ್ನು ಇಳಿಸಿ ಒರೆಸಿ, ಮೂಲೆಮೂಲೆ ಗುಡಿಸಿ, ಆಮೇಲೇ ದೀಪ. ಲಕ್ಷ್ಮೀ ಪಟದ ಹಿಂದಿನ ಗೋಡೆಗೆ ಕುಂಬಾರ ಹುಳವೊಂದು ಮಣ್ಣಿನ ಪುಟ್ಟ ಗೂಡು ಕಟ್ಟುತ್ತಿತ್ತು. ಅದನ್ನೂ ಅವಳು ವಾರವಾರ ಚಾಕುವಿನಿಂದ ಕೆರೆದು ಹಾಕುತ್ತಿದ್ದಳು.

ಕೆರೆದ ದಿನ ಮಗಳು ಚಾರುಲತೆಯ ಮುಖ ಊದಿಕೊಳ್ಳುತ್ತಿತ್ತು. ಹುಳ ನೋಡುವುದೆಂದರೆ ಆ ಹುಡುಗಿಗೆ ಊಟ ನಿದ್ದೆ ಬೇಡ. ಬೇಸಿಗೆ ರಜೆ ಬೇರೆ. ತಾಯಿ ಟೀವಿ ಹಾಕಿಕೊಟ್ಟಳು, ಬೊಂಬೆ ತಂದಳು, ಕೊನೆಗೆ ಬಾಗಿಲಿಗೆ ಚಿಲಕವನ್ನೂ ಹಾಕಿ ನೋಡಿದಳು. ಕಣ್ಣು ತಪ್ಪಿಸಿ ಮಗಳು ಊರಾಚೆಯ ಕಲ್ಲುಕ್ವಾರಿಗೆ ಓಡಿಬಿಡುತ್ತಿದ್ದಳು. ಅಲ್ಲಿನ ಹೊಂಡದ ತುಂಬ ನೀರು. ಒಂದು ಮಧ್ಯಾಹ್ನ ಹೊಂಡದ ಅಂಚಿನಲ್ಲೇ ಬೋರಲು ಮಲಗಿ, ಕಲ್ಲಿಗೆ ಅಂಟಿದ್ದ ಹುಳದ ಗೂಡನ್ನು ಬಗ್ಗಿ ನೋಡುತ್ತಿದ್ದ ಮಗಳನ್ನು ಕಂಡು ಸುಭದ್ರಮ್ಮನ ಜೀವ ಬಾಯಿಗೆ ಬಂತು. ರಟ್ಟೆ ಹಿಡಿದು ಎಳೆದುಕೊಂಡಳು.

“ಇಲ್ಲೇನೇ ನಿನಗೆ ಕೆಲಸ?”

“ಇಲ್ಲಿ ಗೂಡು ಕೆರೆಯೋರು ಯಾರೂ ಇಲ್ಲಮ್ಮ.”

ತಾಯಿ ಅವಳ ಕೈಹಿಡಿದು ಮನೆಗೆ ಕರೆತಂದಳು.

ಮರುದಿನ ಶುಕ್ರವಾರ. ಪಟ ಇಳಿಸಿದರೆ ಅರ್ಧ ಕಟ್ಟಿದ ಗೂಡು. ಚಾಕು ಹಿಡಿದ ಕೈ ಯಾಕೋ ನಿಂತಿತು. ಮಗು ಊಟ ಬಿಟ್ಟು ನೋಡುವಂಥದ್ದು ಇದರಲ್ಲೇನಿದೆ? ಸುಭದ್ರಮ್ಮ ಪಟವನ್ನು ಮಣೆಯ ಮೇಲಿಟ್ಟು, “ತಾಯೀ, ಕೆಲವು ದಿನ ಇಲ್ಲೇ ಕೂತಿರಮ್ಮ” ಎಂದು ಕೈಮುಗಿದಳು. ಮಗಳನ್ನು ಕೂಗಿದಳು. “ಬಾರೇ, ಅದೇನು ನೋಡ್ತೀಯೋ ನನಗೂ ತೋರಿಸು.”

ಇಬ್ಬರೂ ಕೂತರು. ಹುಳ ಕಿಟಕಿಯಿಂದ ಬಂತು. ಬಾಯಲ್ಲಿ ಕಾಳುಮೆಣಸಿನಷ್ಟು ಹಸಿಮಣ್ಣು. ತಟ್ಟಿ ತಟ್ಟಿ ಗೂಡಿಗೆ ಪುಟ್ಟ ಗಡಿಗೆಯಂತೆ ಕಂಠ ಮಾಡಿತು.

“ನಿನ್ನ ರೊಟ್ಟೀನೂ ಇಷ್ಟು ದುಂಡಗೆ ಬರಲ್ಲಮ್ಮ!”

“ಬಾಯಿ ಮುಚ್ಚೇ” ಎಂದಳು ತಾಯಿ, ಕಣ್ಣು ಮಾತ್ರ ಕೀಳಲಿಲ್ಲ.

ಮುಂದಿನ ಸಲ ಹುಳ ತಂದದ್ದು ಹಸಿರು ಕಂಬಳಿಹುಳ.

“ಅಯ್ಯೋ ಶಿವನೇ! ದೇವರ ಮನೇಲಿ ಇದೇನು?”

“ಒಳಗೆ ಹುಟ್ಟೋ ಮರಿಗೆ ಊಟ. ನೀನು ನನ್ನ ಡಬ್ಬಿ ತುಂಬಲ್ವಾ?”

ಸಂಜೆಗೆ ಗೂಡಿನ ಬಾಯಿ ಮಣ್ಣಿನಿಂದ ಮುಚ್ಚಿಹೋಯಿತು.

“ಮುಂದೇನಾಗುತ್ತೆ?” ಕೇಳಿದವಳು ಸುಭದ್ರಮ್ಮ.

“ಗೊತ್ತಿಲ್ಲಮ್ಮ. ಕ್ವಾರೀಲಿ ಕಾಯೋಕೆ ನೀನು ಬಿಡಲ್ಲ, ಮನೇಲಿ ಯಾವುದೂ ಉಳಿಯಲ್ಲ.”

ಅಂದಿನಿಂದ ತಾಯಿಯೂ ಬೆಳಿಗ್ಗೆ ಎದ್ದವಳೇ ಗೋಡೆ ನೋಡತೊಡಗಿದಳು. ಬಾಗಿಲು ತೆರೆದೇ ಇರುತ್ತಿತ್ತು. ಕ್ವಾರಿಯ ಕಡೆ ಮಗಳು ತಲೆ ಹಾಕಲಿಲ್ಲ. ಹೂ ಬಿಡಿಸುತ್ತ, ಬತ್ತಿ ಹೊಸೆಯುತ್ತ, ಗೂಡಿನ ಚಿತ್ರ ಬರೆಯುತ್ತ ಅಲ್ಲೇ ಇರುತ್ತಿದ್ದಳು.

ಕೆಲವು ವಾರ ಕಳೆದು ಒಂದು ಶುಕ್ರವಾರ, ಮಂಗಳಾರತಿಯ ಹೊತ್ತಿಗೆ ಗೂಡಿನಲ್ಲಿ ಸಣ್ಣ ತೂತು ಬಿತ್ತು. ಮೊದಲು ಮೀಸೆ, ಆಮೇಲೆ ತಲೆ, ಆಮೇಲೆ ಮುದುಡಿದ ರೆಕ್ಕೆ. ಸುಭದ್ರಮ್ಮನ ಕೈಯ ಗಂಟೆ ನಿಂತೇಹೋಯಿತು.

“ನಿಲ್ಲಿಸಬೇಡಮ್ಮ” ಎಂದಳು ಚಾರು ಪಿಸುಮಾತಿನಲ್ಲಿ. “ಈಗ ತಾನೇ ಬಂದಿದೆ. ಅದೂ ಮಂಗಳಾರತಿ ತಗೊಳ್ಳಲಿ.”

ಗಂಟೆ ಮತ್ತೆ ಮೊಳಗಿತು. ಮರಿ ರೆಕ್ಕೆ ಬಿಡಿಸಿ ಕಿಟಕಿಯಾಚೆ ಹಾರಿತು. ಮಗಳು ಅದರ ಹಿಂದೆ ಓಡಲಿಲ್ಲ. ತಾಯಿಯ ಸೆರಗು ಹಿಡಿದು ಕೇಳಿದಳು, “ಮತ್ತೆ ಬರುತ್ತಾ?”

“ಜಾಗ ಇಟ್ಟಿದ್ದೀವಲ್ಲ, ಬರುತ್ತೆ” ಎಂದ ಸುಭದ್ರಮ್ಮ, ಚಾಕುವನ್ನು ಅಡುಗೆಮನೆಗೆ ಒಯ್ದಿಟ್ಟಳು. ಲಕ್ಷ್ಮಿ ಮಣೆಯ ಮೇಲೇ ಉಳಿದಳು.

ನೀತಿ: ಮಕ್ಕಳ ಮನಸ್ಸಿನಲ್ಲಿ ಆಸೆ, ಕುತೂಹಲ ಇಟ್ಟವನು ಭಗವಂತ. ಅದಕ್ಕೆ ಮನೆಯಲ್ಲೊಂದು ಜಾಗ ಕೊಟ್ಟು, ಪಕ್ಕದಲ್ಲಿ ನಾವೂ ಕೂತರೆ, ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಚಿಲಕ ಬೇಕಾಗುವುದಿಲ್ಲ.