ಹಳೇ ವಿಳಾಸದ ಫೈಲು

ನೀರು ಸರಬರಾಜು ಕಚೇರಿಯ ಪಟ್ಟಣಶೆಟ್ಟಿ ಸಾಹೇಬರು ತಾವೇ ಒಂದು ಕಂಪ್ಯೂಟರ್ ಸ್ಕ್ರಿಪ್ಟ್ ಬರೆದಿದ್ದರು. ಯಾವ ಓಣಿಗೆ ಯಾವಾಗ ನೀರು ಬರುತ್ತದೆಂದು ಅದು ವೇಳಾಪಟ್ಟಿಯ ಫೈಲು ಓದಿ ಊರಿಗೆಲ್ಲ ಮೆಸೇಜು ಕಳಿಸುತ್ತಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಹೋಗಿ ಲಿನಕ್ಸ್ ಬಂದ ದಿನವೇ 'ಫೈಲ್ ಸಿಗಲಿಲ್ಲ' ಎಂದು ಅದು ಮುಷ್ಕರ ಹೂಡಿತು. ಹೆಂಗಸರು ಖಾಲಿ ಕೊಡ ಹಿಡಿದು ಗೇಟಿಗೆ ಬಂದರು.

ಆಪರೇಟರ್ ಮಹಾನಂದಾ ಹೇಳಿದಳು: "ಸ್ಕ್ರಿಪ್ಟು ಇನ್ನೂ ಡಿ ಡ್ರೈವಿನ್ಯಾಗ ಹುಡುಕಾಕತ್ತೇತ್ರಿ. ಇಲ್ಲಿ ಡಿ ಡ್ರೈವೇ ಇಲ್ಲ. ಒಂದು ಸಾಲು ತಿದ್ದಿದ್ರ..."

"ನನ್ನ ಸ್ಕ್ರಿಪ್ಟಿನ ಒಂದಕ್ಷರಾನೂ ಮುಟ್ಟಂಗಿಲ್ಲ! ಊಟ ಮುಗಿಸಿ ಬರೂದ್ರೊಳಗ ಓಡಬೇಕು!"

ಬರುವಷ್ಟರಲ್ಲಿ ಓಡುತ್ತಿತ್ತು. ಗೇಟೂ ಖಾಲಿಯಾಗಿತ್ತು.

"ನೋಡಿದ್ಯಾ? ತಪ್ಪು ನಂದಲ್ಲ!" ಸಾಹೇಬರು ಬೀಗಿದರು.

"ಅಲ್ರಿ. ಅದು ಕೇಳಿದ್ದ ಹೆಸರು ಕೊಟ್ಟೆ, ಅಷ್ಟ."

ವಿಂಡೋಸ್‌ನಲ್ಲಿ ಫೋಲ್ಡರಿನ ದಾರಿ ತೋರಿಸುವ ಓರೆಗೆರೆ (\) ಲಿನಕ್ಸ್‌ಗೆ ಹೆಸರಿನೊಳಗಿನ ಒಂದು ಅಕ್ಷರ, ಅಷ್ಟೇ. ಅದಕ್ಕೇ ಮಹಾನಂದಾ ಡಿ ಡ್ರೈವಿನಿಂದ ಹಿಡಿದು ಹಳೇ ವಿಳಾಸವನ್ನೆಲ್ಲ ವೇಳಾಪಟ್ಟಿಯ ಫೈಲಿಗೇ ಹೆಸರಾಗಿ ಇಟ್ಟು, ಸ್ಕ್ರಿಪ್ಟಿನ ಪಕ್ಕ ಕೂರಿಸಿದ್ದಳು.

ಸಾಹೇಬರು ಪರದೆಯ ಮೇಲಿನ ಆ ಉದ್ದ ಹೆಸರು ಓದಿದರು: "ಡಿ... ನ್ಯೂ ಫೋಲ್ಡರ್... ನ್ಯೂ ಫೋಲ್ಡರ್ ಎರಡು... ಫೈನಲ್... ಖರೇ ಫೈನಲ್..." ಕಿವಿ ಕೆಂಪಾಯಿತು. ಆಮೇಲೆ ನಗು ತಡೆಯಲಾಗಲಿಲ್ಲ.

"ಭಾಳ ಶಾಣ್ಯಾಕಿ ಅದೀ ಬಿಡವಾ. ಮೊದಲ ಆ ಸಾಲು ತಿದ್ದು. ಯಾರರ ನೋಡ್ಯಾರು!"