ಗಾಣಿಗನ ಮಗಳ ಉಗ್ಗು

“ಗುರುಗಳೇ, ನಾನು ಕಲಿಸುವ ಪಾಠಶಾಲೆಗೆ ಉಗ್ಗುವ ಹುಡುಗಿಯೊಬ್ಬಳು ಬರುತ್ತಾಳೆ. ಹಾಡುವಾಗ ಒಂದಕ್ಷರವೂ ತಡೆಯುವುದಿಲ್ಲ. ಹಾಗಾದರೆ ಮಾತಿನಲ್ಲಿ ಉಗ್ಗುವುದು ಬೇಕೆಂದೇ ಅಲ್ಲವೇ? ಗದರಿಸಿ ತಿದ್ದುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಕೆಂಪಾಯಿತು. ಅವರು ಹೇಳಿದರು:

ಒಬ್ಬ ಗಾಣಿಗನಿದ್ದ. ಅವನ ಮಗಳು ನಿಂಬೆವ್ವನಿಗೆ ಆರು ವರ್ಷ. ಮಾತಿನ ಮೊದಲ ಅಕ್ಷರದಲ್ಲೇ ಅವಳು ಸಿಕ್ಕಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿ, ಕತ್ತಿನ ನರ ಬಿಗಿದು, ಆ ಅಕ್ಷರವನ್ನು ಹೊರಗೆ ತಳ್ಳುತ್ತಿದ್ದಳು. ಆಡಿನ ಮರಿಯೊಂದಿಗೆ ಮಾತ್ರ ಸರಾಗವಾಗಿ ಮಾತಾಡುತ್ತಿದ್ದಳು. ಅದನ್ನು ಕೇಳಿಸಿಕೊಂಡ ಗಾಣಿಗ, ಇದು ಸೊಕ್ಕು ಎಂದು ತೀರ್ಮಾನಿಸಿದ. ಎಣ್ಣೆಗೆ ಬಂದವರು ಅವಳ ಮಾತು ಕೇಳಿ ನಗುತ್ತಿದ್ದರು. ನಕ್ಕವರಿಗೆ ಅವನು ಏನೂ ಅನ್ನಲಿಲ್ಲ. ಮಗಳಿಗೆ ಹೊಡೆದ. “ನೆಟ್ಟಗೆ ಮಾತಾಡು, ಇಲ್ಲದಿದ್ದರೆ ಬಾಯಿ ಮುಚ್ಚು” ಎಂದ.

ನಿಂಬೆವ್ವ ಬಾಯಿ ಮುಚ್ಚಿದಳು. ಒಂದು ತಿಂಗಳು ಉಗ್ಗು ಕೇಳಿಸಲಿಲ್ಲ. ಮಗಳ ಉಗ್ಗು ಬಿಡಿಸಿದೆ ಎಂದು ಗಾಣಿಗ ಊರೆಲ್ಲ ಹೇಳಿಕೊಂಡು ತಿರುಗಿದ.

ಆ ತಿಂಗಳಲ್ಲೇ ಅವಳ ಕಾಲ್ಬೆರಳ ಸಂದಿಗೆ ಜಾಲಿಮುಳ್ಳು ಹೊಕ್ಕು ಮುರಿಯಿತು. ಅವಳು ಯಾರಿಗೂ ಹೇಳಲಿಲ್ಲ. ಕೆಲವು ದಿನಗಳಲ್ಲಿ ಜ್ವರ ಬಂದು ಮಲಗಿದಳು. ಮದ್ದು ಕೊಡುವ ಮುದುಕಿ ಬಂದು ನೋಡಿದಾಗ ಕೀವು ತುಂಬಿ ಬೆರಳುಗಳು ಕಪ್ಪಾಗಿದ್ದವು. ಜೀವ ಉಳಿಸಲು ಎರಡು ಬೆರಳು ತೆಗೆಯಬೇಕಾಯಿತು.

“ಯಾಕೆ ಹೇಳಲಿಲ್ಲ?” ಎಂದು ಗಾಣಿಗ ಕೂಗಿದ.

“ಹೆ... ಹೆ... ಹೆ...”

ರೂಢಿಯಂತೆ ಅವನ ಕೈ ಮೇಲೆದ್ದಿತು. ಮುದುಕಿ ಆ ಕೈ ಹಿಡಿದುಕೊಂಡಳು. “ಕೂತ್ಕೋ. ಮಗು ಮುಗಿಸಲಿ” ಎಂದಳು.

“ಹೆ... ಹೆದರಿಕೆ ಆಯ್ತು ಅಪ್ಪಾ.”

ಅಷ್ಟು ಹೇಳಲು ಅವಳಿಗೆ ಬೇಕಾದದ್ದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಅಷ್ಟನ್ನೂ ಆ ತಂದೆ ಅವಳಿಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಅವನು ಅಲ್ಲೇ ಕುಸಿದು ಕೂತು ಅತ್ತ. ಅಂದಿನಿಂದ ನಕ್ಕವರನ್ನು ಖಾಲಿ ಪಾತ್ರೆಯೊಂದಿಗೆ ಹಿಂದಕ್ಕೆ ಕಳಿಸಿದ. ನಿಂಬೆವ್ವ ಕುಂಟುತ್ತಲೇ ಬೆಳೆದಳು. ಉಗ್ಗುತ್ತಲೇ ಗಾಣದ ವ್ಯಾಪಾರ ನಡೆಸಿದಳು.

ಶಿಷ್ಯ ನಿರಾಳನಾದ. “ನಾನು ಹೊಡೆದಿಲ್ಲ ಗುರುಗಳೇ. ಗದರಿದ್ದೇನೆ, ಅಷ್ಟೇ. ಹದಿನೈದು ದಿನದಿಂದ ಹುಡುಗಿ ತರಗತಿಯಲ್ಲಿ ಒಮ್ಮೆಯೂ ಉಗ್ಗಿಲ್ಲ” ಎಂದ.

ಗುರುಗಳು ಎದ್ದು ನಿಂತರು.

“ಆ ಹದಿನೈದು ದಿನದಲ್ಲಿ ಅವಳು ಆಡಿದ ಒಂದೇ ಒಂದು ಮಾತು ಹೇಳು.”